ಹೋಲಿಕೆಯ ರಕ್ತ

ಆ ಲ್ಯಾಬಿನಲ್ಲಿ ಒಂದು ಪದ್ಧತಿಯಿತ್ತು. ರೋಗಿಯ ರಕ್ತವನ್ನು ಮೆಷಿನ್ನಿಗೆ ಕೊಡುವಾಗ ಅದರ ಜೊತೆಗೆ ಆರೋಗ್ಯವಂತರೊಬ್ಬರ ರಕ್ತವನ್ನೂ ಕೊಡಬೇಕು. ಆರೋಗ್ಯವಂತರದ್ದು ಎಷ್ಟು ಬಂತು, ರೋಗಿಯದ್ದು ಅದರಲ್ಲಿ ಎಷ್ಟು ಪಾಲು ಎಂದು ನೋಡಿ ರಿಪೋರ್ಟು ಬರೆಯಬೇಕು. ಪದ್ಧತಿಯೇನೋ ಸರಿಯೇ. ಆದರೆ ಆಸ್ಪತ್ರೆಗೆ ಬರುವವರೆಲ್ಲ ಕಾಯಿಲೆಯವರು, ಆರೋಗ್ಯವಂತರನ್ನು ಎಲ್ಲಿಂದ ಹಿಡಿದು ತರುವುದು? ಕೊನೆಗೆ ಲ್ಯಾಬಿನವರೇ ಕೈ ಚಾಚಬೇಕು.

ಕೈ ಚಾಚುವುದೆಂದರೆ ಅಲ್ಲಿ ಎಲ್ಲರಿಗೂ ಒಂದೊಂದು ನೆಪ. ಒಬ್ಬರಿಗೆ ನಿನ್ನೆ ಜ್ವರ ಬಂದಿತ್ತು, ಇನ್ನೊಬ್ಬರಿಗೆ ನರ ಸಿಗುವುದಿಲ್ಲ. ಪೈಲ್ವಾನ ಎಂದು ಕರೆಸಿಕೊಳ್ಳುತ್ತಿದ್ದ ಗಿರಿಜಾ ಮೀಸೆಯ ಟೆಕ್ನಿಷಿಯನ್ನನ ಕಥೆಯಂತೂ ಹೇಳುವುದೇ ಬೇಡ. ಬೆಳಗಿನಿಂದ ಸಂಜೆಯವರೆಗೆ ಕಂಡವರ ಕೈಗೆಲ್ಲ ಸೂಜಿ ಚುಚ್ಚುವ ಆಸಾಮಿ, ತನ್ನ ಕೈಗೆ ಸೂಜಿ ಬರುತ್ತದೆ ಎಂದರೆ ಕುರ್ಚಿ ಹುಡುಕುತ್ತಿದ್ದ. ಹಾಗಾಗಿ ಆ ಕೆಲಸ ವರ್ಷಗಳಿಂದ ಅಕ್ಕನ ಪಾಲಿಗೆ ಬಂದಿತ್ತು. ಅಕ್ಕ ಎಂದರೆ ಆ ಲ್ಯಾಬಿನ ಹಿರಿಯ ಟೆಕ್ನಿಷಿಯನ್. ಅವಳಿಗಿಂತ ದೊಡ್ಡವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಐವತ್ತು ದಾಟುತ್ತಿದ್ದರೂ ನೆಗಡಿಗೆ ಸಹ ರಜೆ ಹಾಕಿದವಳಲ್ಲ. "ನಂದು ಗಟ್ಟಿ ರಕ್ತ ಕಣ್ರೋ, ತಗೊಳ್ಳಿ" ಎಂದು ನಗುತ್ತ ಕೈ ಚಾಚುವಳು. ಆ ಗಟ್ಟಿತನದ ಬಗ್ಗೆ ಅವಳಿಗೆ ಒಳಗೊಳಗೇ ಜಂಬವೂ ಇತ್ತು. ಇರಲಿ ಬಿಡಿ, ಅಷ್ಟೂ ಜಂಬವಿಲ್ಲದ ಮನುಷ್ಯರು ಯಾರಿದ್ದಾರೆ.

ಆ ದಿನ ಬಂದ ರಕ್ತ ಎರಡು ತಿಂಗಳ ಗಂಡುಕೂಸಿನದು. ಅದರ ಹಿಂದೆಯೇ ಮಕ್ಕಳ ಡಾಕ್ಟರಮ್ಮ ತಾವೇ ಮೆಟ್ಟಿಲು ಹತ್ತಿ ಬಂದರು.

"ಅಕ್ಕಾ, ಇದನ್ನ ಬೇಗ ನೋಡ್ಬೇಕು. ಹೊಕ್ಕುಳ ಬಳ್ಳಿ ಬೀಳೋಕೇ ತಿಂಗಳ ಮೇಲಾಯ್ತಂತೆ, ಬಿದ್ಮೇಲೂ ಗಾಯ ಆರಿಲ್ಲ. ಕೆಂಪಗೆ ಊದ್ಕೊಂಡಿದೆ, ಆದ್ರೆ ಒಂದು ಹನಿ ಕೀವಿಲ್ಲ. ರಕ್ತದಲ್ಲಿ ನೋಡಿದ್ರೆ ಬಿಳಿ ಕಣಗಳು ತುಂಬಿ ತುಳುಕ್ತಾ ಇವೆ."

ಅಕ್ಕನಿಗೆ ಆ ಒಗಟು ಕೂಡಲೇ ಅರ್ಥವಾಯಿತು. ಬಿಳಿ ರಕ್ತಕಣಗಳು ಮೈಯ ಕಾವಲುಗಾರರು. ರಕ್ತದೊಡನೆ ಓಡುತ್ತಿರುತ್ತವೆ, ಗಾಯವಾದ ಕಡೆ ಇಳಿದು ಕೆಲಸ ಮಾಡಬೇಕು. ಓಡುವ ಬಸ್ಸಿನಿಂದ ಇಳಿಯುವವರು ಮೊದಲು ಕಂಬಿ ಹಿಡಿಯುವ ಹಾಗೆ ಈ ಕಣಗಳೂ ರಕ್ತನಾಳದ ಗೋಡೆಯನ್ನು ಹಿಡಿದು ನಿಲ್ಲಬೇಕು. ಹಾಗೆ ಹಿಡಿಯಲು ಅವುಗಳ ಮೈಮೇಲೆ ಒಂದು ಪ್ರೋಟೀನು ಇರುತ್ತದೆ, ಅಂಟು ಪ್ರೋಟೀನು ಎನ್ನುತ್ತಾರೆ. ಕೆಲವು ಕೂಸುಗಳಿಗೆ ಹುಟ್ಟಿನಿಂದಲೇ ಅದು ತೀರ ಕಡಿಮೆ. ಕಣಗಳು ರಾಶಿ ರಾಶಿ ಹುಟ್ಟುತ್ತವೆ, ರಕ್ತದಲ್ಲೇ ಸುತ್ತುತ್ತವೆ, ಗಾಯದ ಕಡೆ ಮಾತ್ರ ಇಳಿಯಲಾರವು. ಅವು ಇಳಿಯದೆ ಕೀವು ಎಲ್ಲಿಂದ ಬರಬೇಕು, ಗಾಯ ಹೇಗೆ ಆರಬೇಕು? ಕಾಯಿಲೆ ಬೇಗ ಗೊತ್ತಾದರೆ ಬೇರೆಯವರ ಮೂಳೆಮಜ್ಜೆ ಹಾಕಿ ಉಳಿಸಿಕೊಳ್ಳಬಹುದು. ಗೊತ್ತಾಗದಿದ್ದರೆ ಒಂದಲ್ಲ ಒಂದು ಸೋಂಕು ಕೂಸನ್ನು ತಿಂದುಹಾಕುತ್ತದೆ.

"ಮನೆಯವರು ಏನಂತಾರೆ?" ಎಂದು ಅಕ್ಕ ಕೇಳಿದಳು.

"ಏನಂತಾರೆ, ಇನ್ನೇನಂತಾರೆ. ತಾಯಿಗೆ ಶುಚಿ ಇಲ್ಲ, ಕೊಳೆ ಕೈಲಿ ಹೊಕ್ಕುಳು ಮುಟ್ಟಿ ಮುಟ್ಟಿ ಹೀಗಾಯ್ತು ಅಂತ ಅತ್ತೆ ಅಂತಾರೆ. ನಾಳೆ ನಿಮ್ಮ ರಿಪೋರ್ಟು ಕಾಯಿಲೆ ಇಲ್ಲ ಅಂದ್ರೆ ನಾನೂ ಆಂಟಿಬಯಾಟಿಕ್ ಕೊಟ್ಟು, ಶುಚಿ ನೋಡ್ಕೊಳ್ಳಿ ಅಂತ ಹೇಳಿ ಮನೆಗೆ ಕಳಿಸ್ಬೇಕಾಗುತ್ತೆ."

ಕೊಳೆ ಕೈ ಎಂಬ ಆ ಮಾತನ್ನು ಅಕ್ಕ ಬಾಲ್ಯದಿಂದ ಕೇಳಿ ಬೆಳೆದವಳು. ಅವಳಿಗಿಂತ ಮೊದಲು ಅವಳ ಅಮ್ಮನಿಗೆ ಒಂದು ಗಂಡುಮಗು ಹುಟ್ಟಿ, ಹೊಕ್ಕುಳು ಒಣಗದೆ, ವರ್ಷ ತುಂಬುವ ಮೊದಲೇ ತೀರಿಕೊಂಡಿತ್ತು. ಅಪ್ಪನ ತಾಯಿ, ಆ ಅಜ್ಜಿ, ಸಾಯುವವರೆಗೂ ಆ ವಿಷಯ ಬಿಟ್ಟವಳಲ್ಲ. ಹಾಲು ಉಕ್ಕಿದರೂ ಸಾಕು, ಪಾತ್ರೆ ಒಡೆದರೂ ಸಾಕು, "ಆ ಕೈಗೆ ನನ್ನ ಮೊಮ್ಮಗನೇ ಉಳೀಲಿಲ್ಲ, ಇನ್ನು ಇದು ಉಳಿಯುತ್ತಾ" ಎಂದೇಬಿಡುವಳು. ನಾಲಿಗೆಗೆ ಎಲುಬಿಲ್ಲ ನಿಜ. ಆದರೆ ಕೆಲವರ ನಾಲಿಗೆ ಎಲುಬಿಲ್ಲದೆಯೇ ಇನ್ನೊಬ್ಬರ ಎಲುಬು ಮುರಿಯುತ್ತದೆ. ಅಮ್ಮ ಒಂದು ದಿನವೂ ಎದುರಾಡಲಿಲ್ಲ. ಎದುರಾಡದಿದ್ದುದು ಒಳ್ಳೆಯತನದಿಂದಲ್ಲ, ಅವಳೂ ಅದನ್ನೇ ನಂಬಿದ್ದಳು.

ಅಕ್ಕ ಎಂದಿನಂತೆ ಪೈಲ್ವಾನನ ಮುಂದೆ ಕೈ ಚಾಚಿದಳು. ಎರಡು ಟ್ಯೂಬಿಗೂ ಬಣ್ಣದ ಮದ್ದು ಹಾಕಿದರು. ಆ ಬಣ್ಣ ಹೋಗಿ ಅಂಟು ಪ್ರೋಟೀನಿಗೆ ಮಾತ್ರ ಹತ್ತಿಕೊಳ್ಳುತ್ತದೆ. ಕತ್ತಲಲ್ಲಿಟ್ಟು, ತೊಳೆದು, ಫ್ಲೋ ಸೈಟೋಮೀಟರ್ ಎಂಬ ಮೆಷಿನ್ನಿಗೆ ಕೊಟ್ಟರೆ, ಅದು ಕಣಗಳನ್ನು ಒಂದರ ಹಿಂದೆ ಒಂದರಂತೆ ಲೇಸರ್ ಬೆಳಕಿನ ಮುಂದೆ ಹಾಯಿಸಿ, ಯಾವುದು ಎಷ್ಟು ಹೊಳೆಯಿತು ಎಂದು ನೋಡುತ್ತದೆ. ಪರದೆಯ ಮೇಲೆ ಒಂದು ಗುಡ್ಡ ಏಳುತ್ತದೆ. ಪ್ರೋಟೀನು ಹೆಚ್ಚಿದ್ದರೆ ಗುಡ್ಡ ಬಲಕ್ಕೆ, ಕಡಿಮೆಯಿದ್ದರೆ ಎಡಕ್ಕೆ.

ಅಕ್ಕನ ಗುಡ್ಡ ಎಂದಿನ ಜಾಗದಲ್ಲಿ ಎದ್ದಿತು. ಕೂಸಿನದು ಅದಕ್ಕಿಂತ ಎಡಕ್ಕೆ ಬಂತು. ಆದರೆ ತೀರ ಎಡಕ್ಕಲ್ಲ. ಲೆಕ್ಕ ಹಾಕಿದರೆ ಅಕ್ಕನದರ ಅರ್ಧಕ್ಕೆ ಸ್ವಲ್ಪ ಕಮ್ಮಿ.

ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಾಯಿತು. ಕಾಯಿಲೆಯ ಮಕ್ಕಳಿಗೆ ಇಷ್ಟಿರುವುದಿಲ್ಲ. ಇಷ್ಟಿರುವುದು ಅಂಥ ಮಕ್ಕಳ ತಾಯಿ ತಂದೆಗೆ. ಅವರಲ್ಲಿ ಕೆಟ್ಟ ಜೀನು ಒಂದು, ಒಳ್ಳೆಯದು ಒಂದು ಇರುತ್ತದೆ. ಪ್ರೋಟೀನು ಅರ್ಧದಷ್ಟಿರುತ್ತದೆ, ಆ ಅರ್ಧದಲ್ಲೇ ಅವರು ಕಲ್ಲುಗುಂಡಿನ ಹಾಗೆ ಬದುಕುತ್ತಾರೆ. ಈ ಲೆಕ್ಕದಲ್ಲಿ ಕೂಸಿಗೆ ಕಾಯಿಲೆಯಿಲ್ಲ.

"ಆಯ್ತಲ್ಲಕ್ಕಾ, ಬರೆದುಬಿಡಿ" ಎಂದ ಪೈಲ್ವಾನ.

"ಹಾಗಾದ್ರೆ ಕೀವು ಯಾಕಿಲ್ಲ?"

"ಅದನ್ನ ಡಾಕ್ಟರು ಯೋಚನೆ ಮಾಡ್ಲಿ. ನಮ್ದು ಅಳೆಯೋ ಕೆಲಸ."

ಮಾತು ತಪ್ಪೇನಲ್ಲ. ಆದರೂ ಅಕ್ಕನ ಕೈ ಕೀಬೋರ್ಡಿನ ಮೇಲೆ ಓಡಲಿಲ್ಲ. ಅವಳು ಬರೆಯುವ ಒಂದು ಸಾಲಿನಿಂದ ಆ ಕೂಸು ಮದ್ದಿಲ್ಲದೆ ಮನೆಗೆ ಹೋಗುತ್ತದೆ, ಅದರ ತಾಯಿಯ ಹಣೆಗೆ ಆ ಮಾತು ಜೀವಮಾನಕ್ಕೆ ಅಂಟುತ್ತದೆ. ಡಾಕ್ಟರಮ್ಮನಿಗೆ ಫೋನು ಮಾಡಿ, "ತಾಯಿ ರಕ್ತ ಒಂದು ನೋಡೋಣ್ವಾ? ಕಾಯಿಲೆ ಇದ್ರೆ ತಾಯೀಲಿ ಅರ್ಧ ಬರ್ಬೇಕು" ಎಂದಳು. ಡಾಕ್ಟರಮ್ಮ ಒಪ್ಪಿದರು.

ವಾರ್ಡಿನಲ್ಲಿ ರಕ್ತ ತೆಗೆಯುವವರು ಊಟಕ್ಕೆ ಹೋಗಿದ್ದರು. ಅಕ್ಕನೇ ಟ್ರೇ ಹಿಡಿದು ಹೋದಳು. ಕೂಸು ಅತ್ತೆಯ ಹೆಗಲ ಮೇಲಿತ್ತು. ಆ ಹೆಂಗಸೇನು ರಾಕ್ಷಸಿಯಲ್ಲ. ನಿದ್ದೆಯಿಲ್ಲದ ಕಣ್ಣು, ಕೆದರಿದ ಕೂದಲು, ಕೂಸಿನ ಬೆನ್ನು ಸವರುತ್ತ ಅಲ್ಲೇ ಅತ್ತಿಂದಿತ್ತ ನಡೆಯುತ್ತಿದ್ದಳು. ಸೊಸೆ ಬಾಗಿಲ ಹತ್ತಿರ ಗೋಡೆಗೆ ಒರಗಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದಳು. ಇನ್ನೂ ಎಳೆಯ ಹುಡುಗಿ. ಕೂಸು ಅತ್ತಾಗ ಒಂದು ಹೆಜ್ಜೆ ಮುಂದೆ ಬರುವಳು, ಮತ್ತೆ ಗೋಡೆಗೆ ಹೋಗುವಳು.

"ಕೈ ಕೊಡಮ್ಮಾ" ಎಂದಳು ಅಕ್ಕ.

"ನನ್ನ ಕೈನಾ?" ಎಂದು ಹುಡುಗಿ ಅತ್ತೆಯ ಮುಖ ನೋಡಿದಳು. ಬೆರಳುಗಳೆಲ್ಲ ಸಾಬೂನಿಗೆ ಒಡೆದು ಸಿಪ್ಪೆ ಏಳುತ್ತಿದ್ದವು. ಎಷ್ಟು ಸಲ ತೊಳೆದಿದ್ದಳೋ ಏನೋ. ಅಕ್ಕ ಏನೂ ಕೇಳದೆ ರಕ್ತ ತೆಗೆದುಕೊಂಡು ಬಂದಳು.

ಮಧ್ಯಾಹ್ನ ತಾಯಿಯ ಗುಡ್ಡ ಪರದೆಯ ಮೇಲೆ ಎದ್ದಿತು. ಎದ್ದದ್ದು ಸರಿಯಾಗಿ ಅಕ್ಕನ ಗುಡ್ಡದ ಮೇಲೆ. ಒಂದರ ಮೇಲೊಂದು ಹೊದಿಸಿದ ಹಾಗೆ, ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ.

"ನೋಡಿ, ತಾಯಿ ನಿಮ್ಮಷ್ಟೇ ಗಟ್ಟಿ!" ಎಂದ ಪೈಲ್ವಾನ. "ಅರ್ಧ ಅಲ್ಲ, ಪೂರ್ತಿ ಇದೆ. ಇನ್ನು ಅನುಮಾನವೇ ಇಲ್ಲ. ಬರೀರಿ, ಒಂದು ಟೀ ಕುಡಿದು ಬರೋಣ."

ಅಕ್ಕ ಕುರ್ಚಿಯಿಂದ ಏಳಲಿಲ್ಲ. ಆ ಎರಡು ಗುಡ್ಡಗಳನ್ನೇ ನೋಡುತ್ತ ಕುಳಿತಳು. ಈ ಹುಡುಗಿ ನನ್ನ ಹಾಗಿದ್ದಾಳೆ. ಸರಿ. ನಾನು ಈ ಹುಡುಗಿಯ ಹಾಗಿದ್ದರೆ?

ಹೊಕ್ಕುಳು ಒಣಗದ ಅಣ್ಣ ಯಾರ ಅಣ್ಣ? ಅಮ್ಮ ಅಪ್ಪ ಇಬ್ಬರಲ್ಲೂ ಒಂದೊಂದು ಕೆಟ್ಟ ಜೀನಿದ್ದು, ಅಣ್ಣನಿಗೆ ಎರಡೂ ಬಂದು, ತನಗೆ ಒಂದೇ ಬಂದಿದ್ದರೆ? ಅಂಥವರು ನೆಗಡಿಗೂ ಮಲಗುವುದಿಲ್ಲ. ಗಟ್ಟಿ ರಕ್ತ ಎಂದು ಮೆರೆಯುತ್ತಾರೆ. ಇಷ್ಟು ವರ್ಷ ಊರಿನ ಮಕ್ಕಳನ್ನೆಲ್ಲ ಅಳೆದ ಕೋಲು ತಾನೇ ಅರ್ಧಕ್ಕೆ ಮುರಿದದ್ದಾಗಿದ್ದರೆ? ಅಣ್ಣನ ಕಥೆ ಗೊತ್ತಿತ್ತು, ಈ ಕಾಯಿಲೆಯ ಪಾಠವೂ ಬಾಯಿಪಾಠವಾಗಿತ್ತು. ಎರಡನ್ನೂ ಒಂದೇ ತಲೆಯಲ್ಲಿ ಇಟ್ಟುಕೊಂಡು ಒಂದಕ್ಕೊಂದು ಭೇಟಿ ಮಾಡಿಸಿರಲಿಲ್ಲ. ತನ್ನ ಬೆನ್ನು ತನಗೆ ಕಾಣದು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಈ ಪರೀಕ್ಷೆ ಅಲ್ಲಿಗೆ ಬರುತ್ತಿದ್ದುದೇ ಅಪರೂಪ. ಬಂದ ಮಕ್ಕಳಲ್ಲಿ ಕೆಲವರದು ಪೂರ್ತಿ ಸೊನ್ನೆ. ಅದು ಯಾರ ಪಕ್ಕದಲ್ಲಿಟ್ಟರೂ ಸೊನ್ನೆಯೇ. ಇನ್ನು ಕೆಲವರದು ಅಕ್ಕನದರ ಎರಡರಷ್ಟು ಬರುತ್ತಿತ್ತು. ಜ್ವರದ ಮಕ್ಕಳಲ್ಲಿ ಈ ಪ್ರೋಟೀನು ಏರುವುದುಂಟು, ಅದಕ್ಕೇ ಹೀಗೆ ಎಂದು ಎಲ್ಲರೂ ತಲೆಯಾಡಿಸಿ ಸುಮ್ಮನಾಗಿದ್ದರು. ಸಮಾಧಾನ ಕೈಗೆಟುಕುವಲ್ಲಿದ್ದರೆ ಯಾರು ತಾನೇ ಏಣಿ ಹಾಕುತ್ತಾರೆ?

"ಪೈಲ್ವಾನ್, ಕೂತ್ಕೋ. ಕೈ ಕೊಡು" ಎಂದಳು ಅಕ್ಕ.

"ಯಾಕಕ್ಕಾ? ನಿಮ್ದು ಇದೆಯಲ್ಲ!"

"ನಂದೇ ಅನುಮಾನ."

ಅಕ್ಕನ ಮುಖ ನೋಡಿ ಪೈಲ್ವಾನ ಬಾಯಿ ಮುಚ್ಚಿಕೊಂಡು ಕುಳಿತ. ಕಣ್ಣು ಬಿಗಿಯಾಗಿ ಮುಚ್ಚಿದ, ಇನ್ನೊಂದು ಕೈಯಲ್ಲಿ ಮೇಜಿನ ಕಾಲು ಹಿಡಿದ, ಸೂಜಿ ಒಳಗೆ ಹೋಗುತ್ತಿದ್ದಂತೆ ಮೀಸೆಯ ಸಮೇತ ಅಕ್ಕನ ಭುಜದ ಮೇಲೆ ಒರಗಿದ. ಅವನನ್ನು ಬೆಂಚಿನ ಮೇಲೆ ಮಲಗಿಸಿ, ಕಾಲ ಕೆಳಗೆ ದಿಂಬಿನ ಬದಲು ಕೈಗವಸಿನ ಡಬ್ಬಗಳನ್ನಿಟ್ಟು, ಅಕ್ಕ ಟ್ಯೂಬು ತೆಗೆದುಕೊಂಡು ಹೋದಳು. ಆಗಲೇ ಬಂದ ಡಾಕ್ಟರಮ್ಮ ವಿಷಯ ಕೇಳಿ ಬಿಳಿ ಕೋಟು ಬಿಚ್ಚಿ ತಾವೂ ಕೈ ಚಾಚಿದರು.

ಪೈಲ್ವಾನನ ಗುಡ್ಡ ಅಕ್ಕನದಕ್ಕಿಂತ ಬಲಕ್ಕೆ, ಬಹಳ ಬಲಕ್ಕೆ ಎದ್ದಿತು. ಡಾಕ್ಟರಮ್ಮನದೂ ಅಲ್ಲೇ. ಅವರಿಬ್ಬರ ಮುಂದೆ ಅಕ್ಕ ಅರ್ಧ, ಆ ಹುಡುಗಿ ಅರ್ಧ. ಕೂಸು ಅರ್ಧದ ಅರ್ಧಕ್ಕಿಂತಲೂ ಕಡಿಮೆ. ಈಗ ಎಲ್ಲ ಹೊಂದಿತು: ಆರದ ಹೊಕ್ಕುಳು, ಕೀವಿಲ್ಲದ ಗಾಯ, ರಕ್ತದಲ್ಲೇ ಸುತ್ತುತ್ತಿರುವ ಕಣಗಳು. ಕೂಸಿಗೆ ಕಾಯಿಲೆಯಿತ್ತು. ತಾಯಿಯ ಕೈಯಲ್ಲಿ ಏನೂ ಇರಲಿಲ್ಲ.

"ಮೂಳೆಮಜ್ಜೆ ಹಾಕ್ಸೋಕೆ ಇವತ್ತೇ ಬರೀತೀನಿ" ಎಂದರು ಡಾಕ್ಟರಮ್ಮ. "ಪೂರ್ತಿ ಸೊನ್ನೆ ಅಲ್ಲ, ಅದೇ ಪುಣ್ಯ. ನಮಗೆ ಸ್ವಲ್ಪ ಟೈಮಿದೆ. ಹೊಂದೋರು ಸಿಕ್ಕಿದ್ರೆ ಉಳೀತಾನೆ ಅಕ್ಕಾ." ಹೋಗುವಾಗ ಬಾಗಿಲಲ್ಲಿ ನಿಂತು, "ಹಳೇ ರಿಪೋರ್ಟೆಲ್ಲ ನಾಳೆ ಇಬ್ರೂ ಕೂತು ನೋಡೋಣ. ನಿಮ್ಮೊಬ್ರದಲ್ಲ, ಎಲ್ಲರ ತಪ್ಪು ಇದು. ನೀವು ಹೇಗಿದೀರ?" ಎಂದರು.

"ನಾನು ಚೆನ್ನಾಗೇ ಇದೀನಿ ಡಾಕ್ಟ್ರೇ, ಅದೇ ನೋಡಿ ತಮಾಷೆ" ಎಂದಳು ಅಕ್ಕ. ನಗಲು ಹೋದಳು, ನಗು ಬರಲಿಲ್ಲ. ಅವಳಿಗೆ ಮನೆಗೆ ಹೋಗಬೇಕಿತ್ತು.

ಮನೆಯಲ್ಲಿ ಇದ್ದವರು ಅವಳು ಮತ್ತು ಅಮ್ಮ, ಇಬ್ಬರೇ. ಅಮ್ಮ ಕಿಟಕಿಯ ಹತ್ತಿರ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದಳು. "ಇದೇನೇ ಇಷ್ಟು ಬೇಗ? ಮೆಷಿನ್ ಕೆಟ್ಟೋಯ್ತಾ?" ಎಂದಳು.

ಅಕ್ಕ ಚಪ್ಪಲಿಯನ್ನೂ ಬಿಡದೆ ಅಮ್ಮನ ಎದುರು ನೆಲದ ಮೇಲೆ ಕೂತು ಹೇಳಲು ಶುರುಮಾಡಿದಳು. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಅಡಿಮೇಲಾಗಿ, ಕೊನೆಯದು ಮೊದಲು, ಮೊದಲಿನದು ಕೊನೆಗೆ ಬಂತು. ಕೂಸು, ಹುಡುಗಿ, ತನ್ನ ಅರ್ಧ ರಕ್ತ, ಅಣ್ಣ. ಅಣ್ಣ ಎಂದಾಗ ಅಮ್ಮನ ಕೈ ನಿಂತಿತು.

"ಅವನ ರಕ್ತ ಈಗ ಯಾರ ಹತ್ರಾನೂ ಇಲ್ಲಮ್ಮ, ಪರೀಕ್ಷೆ ಮಾಡಿ ತೋರಿಸೋಕಾಗಲ್ಲ. ಆದ್ರೆ ನಂದಿದೆ. ನನಗೆ ಬಂದಿರೋದು ನಿಮ್ಮಿಬ್ರಲ್ಲಿ ಒಬ್ರಿಂದ. ಅವನಿಗೆ ನಿಮ್ಮಿಬ್ರಿಂದಲೂ ಬಂದಿತ್ತು. ಅವನ ಹೊಕ್ಕುಳು ಅದಕ್ಕೇ ಒಣಗಲಿಲ್ಲ. ನನಗೆ ಅನುಮಾನವೇ ಇಲ್ಲಮ್ಮ."

ಅಮ್ಮ ಅರ್ಧ ಮಡಚಿದ ಟವೆಲ್ಲನ್ನು ಮಡಿಲಲ್ಲಿ ಇಟ್ಟುಕೊಂಡಳು. "ನಿಮ್ಮಪ್ಪಂದೂ ಇತ್ತು ಅಂತೀಯಾ?"

"ಇಲ್ಲದಿದ್ರೆ ಅವನಿಗೆ ಕಾಯಿಲೆ ಬರ್ತಿರಲಿಲ್ಲ."

"ನಾನು ಮುಟ್ಟಿದ್ದಕ್ಕಲ್ಲ?"

"ಅಲ್ಲಮ್ಮ."

"ಕೈ ಸರಿಯಾಗಿ ತೊಳೀದೇ ಇದ್ದದ್ದಕ್ಕಲ್ಲ?"

"ಗಂಗೇಲಿ ತೊಳೆದಿದ್ರೂ ಅಷ್ಟೇ. ನೀನು ಏನೂ ಮಾಡಿರಲಿಲ್ಲ."

ಅಮ್ಮ ಹಗುರಾಗುತ್ತಾಳೆ, ಅತ್ತುಬಿಡುತ್ತಾಳೆ, ಅಥವಾ ಸತ್ತ ಅತ್ತೆಯನ್ನು ಒಮ್ಮೆಯಾದರೂ ಬಾಯ್ತುಂಬ ಬೈಯುತ್ತಾಳೆ ಎಂದು ಅಕ್ಕ ಕಾದಳು. ಅಮ್ಮ ಮಡಿಲಲ್ಲಿದ್ದ ಟವೆಲ್ಲನ್ನು ನೋಡುತ್ತ, ಮೆಲ್ಲಗೆ ಅಂದಳು:

"ಹಾಗಾದ್ರೆ ಎತ್ಕೋಬಹುದಾಗಿತ್ತು."

"ಏನಮ್ಮ?"

"ಕೊನೇಲಿ ಅವನನ್ನ ನನ್ನ ಕೈಗೆ ಕೊಡ್ತಿರಲಿಲ್ಲ ಕಣೆ. ಹಾಲು ಕುಡಿಸೋಕೆ ಮಾತ್ರ, ಆಮೇಲೆ ಕಿತ್ಕೊಂಡು ಹೋಗೋರು. ಅವರದೇನು ತಪ್ಪು, ನಾನೇ ಒಪ್ಕೊಂಡಿದ್ದೆ. ನಾನು ಮುಟ್ಟದಿದ್ರೆ ಉಳೀತಾನೇನೋ ಅಂತ. ಕೊನೇ ದಿನ ನನ್ನ ಕಡೆ ನೋಡ್ತಾ ಅಳ್ತಾ ಇದ್ದ. ಅಷ್ಟು ಹೊತ್ತಿಗೆ ಅವನಿಗೆ ಮುಖ ಗುರ್ತು ಸಿಗ್ತಿತ್ತು. ನಾನು ಬಾಗಿಲ ಹತ್ರ ಕೈ ಹಿಂದೆ ಕಟ್ಕೊಂಡು ನಿಂತಿದ್ದೆ. ಹಾಗೇ ಹೋಗ್ಬಿಟ್ಟ."

ಐವತ್ತು ವರ್ಷ ಜೊತೆಗಿದ್ದ ಅಮ್ಮ ಈ ಮಾತನ್ನು ಒಮ್ಮೆಯೂ ಆಡಿರಲಿಲ್ಲ. ಒಳ್ಳೆಯ ಸುದ್ದಿ ತಂದೆ ಎಂದುಕೊಂಡು ಓಡಿ ಬಂದವಳಿಗೆ, ತಾನು ತಂದದ್ದು ಅಮ್ಮನಿಗೆ ಇನ್ನೊಂದು ಸಂಕಟ ಎಂದು ಆಗ ತಿಳಿಯಿತು. ಅವಳು ಅಮ್ಮನ ಕೈ ಹಿಡಿದುಕೊಂಡು ಜೋರಾಗಿ ಅತ್ತಳು. ಅಮ್ಮ ಅಳಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅಮ್ಮನೇ ಕೇಳಿದಳು. "ಆ ಹುಡುಗಿ ಎತ್ಕೊಂಡಿದ್ದಾಳಾ ಮಗೂನ?"

"ಡಾಕ್ಟರು ಎಲ್ಲಾ ಹೇಳ್ತಾರಮ್ಮ, ಅವರಿಗೆ..."

"ಡಾಕ್ಟರು ಕಾಯಿಲೆ ಹೇಳ್ತಾರೆ. ಎತ್ಕೊಂಡಿದ್ದಾಳಾ ಅಂತ ಕೇಳ್ದೆ."

ಅಕ್ಕನಿಗೆ ಗೋಡೆಗೆ ಒರಗಿದ ಹುಡುಗಿ ಕಣ್ಣಮುಂದೆ ಬಂದಳು. "ಇಲ್ಲ" ಎಂದಳು.

"ಎದ್ದೇಳು. ನೋಡೋಕೆ ಬಿಡೋ ಹೊತ್ತು ಇನ್ನೂ ಇದೆ ತಾನೆ?"

ಮಂಡಿನೋವಿನ ನೆಪ ಹೇಳಿ ಬೀದಿಯ ತುದಿಗೂ ಬಾರದ ಅಮ್ಮ ಬಸ್ಸು ಹತ್ತಿದಳು, ಇಳಿದಳು, ಆಸ್ಪತ್ರೆಯ ಮೆಟ್ಟಿಲನ್ನು ಪಕ್ಕದ ಕಂಬಿ ಹಿಡಿದುಕೊಂಡು ಹತ್ತಿದಳು. ವಾರ್ಡಿನಲ್ಲಿ ಡಾಕ್ಟರಮ್ಮ ಬಂದು ಹೇಳಿ ಹೋಗಿದ್ದರು. ಆದರೂ ಎಲ್ಲ ಮೊದಲಿನಂತೆಯೇ ಇತ್ತು. ಕೂಸು ಅತ್ತೆಯ ಹೆಗಲ ಮೇಲೆ, ಹುಡುಗಿ ಗೋಡೆಯ ಹತ್ತಿರ. ಒಂದು ರಿಪೋರ್ಟಿನಿಂದ ಮನುಷ್ಯರು ಜಾಗ ಬದಲಾಯಿಸುವುದಿಲ್ಲ.

ಅಮ್ಮ ನೇರವಾಗಿ ಅತ್ತೆಯ ಮುಂದೆ ಹೋಗಿ ನಿಂತಳು. "ರಕ್ತ ತಗೊಂಡು ಹೋದ್ಲಲ್ಲ, ನಾನು ಇವಳ ತಾಯಿ. ನನ್ನ ಮೊದಲನೇ ಮಗ ಇದೇ ಕಾಯಿಲೇಲಿ ಹೋದ. ನನ್ನ ಕೈಯಿಂದ ಹೋದ ಅಂತ ನಮ್ಮತ್ತೆ ಅಂದ್ರು, ನಾನೂ ನಂಬಿದೆ. ಅದು ಸುಳ್ಳು ಅಂತ ಇವತ್ತು ಗೊತ್ತಾಯ್ತು, ನನಗೆ ಎಪ್ಪತ್ತಾರು ವರ್ಷ. ನಿಮ್ಮ ಸೊಸೆಗೆ ಅಷ್ಟು ವಯಸ್ಸಾಗೋವರೆಗೂ ಕಾಯ್ಬೇಡಿ ತಾಯಿ."

ಅತ್ತೆ ಕೂಸಿನ ಬೆನ್ನು ಸವರುವುದನ್ನು ನಿಲ್ಲಿಸಿದಳು. "ನಾನು ಹೆದರ್ಕೊಂಡು ಅಂದೆ" ಎಂದಳು. "ಏನಾಗಿದೆ ಅಂತ ಯಾರೂ ಹೇಳ್ಲಿಲ್ಲ. ಏನೋ ಒಂದು ಕಾರಣ ಬೇಕಾಗಿತ್ತು ನನಗೆ."

"ಈಗ ಹೇಳಿದ್ದಾರಲ್ಲ. ಕೊಡಿ ಅವಳ ಕೈಗೆ."

ಅತ್ತೆ ಕೂಸನ್ನು ಹೆಗಲಿಂದ ಇಳಿಸಿದಳು. ಹುಡುಗಿ ಮಾತ್ರ ಬೆನ್ನ ಹಿಂದಿನ ಕೈ ತೆಗೆಯಲೇ ಇಲ್ಲ. "ಬೇಡ, ಹೊಕ್ಕುಳಿಗೆ ತಾಗುತ್ತೆ" ಎಂದಳು. "ನೋವಾಗುತ್ತೆ, ಅಳ್ತಾನೆ."

ಅಮ್ಮ ಅವಳ ಪಕ್ಕಕ್ಕೆ ಹೋಗಿ, ಸಿಪ್ಪೆ ಎದ್ದ ಆ ಎರಡು ಕೈಗಳನ್ನು ಒಂದೊಂದಾಗಿ ಹಿಡಿದು ಮುಂದಕ್ಕೆ ತಂದಳು. "ಅಳ್ತಾನೆ ಕಣಮ್ಮ. ಅಳ್ಲಿ. ನಿನ್ನ ಕೈಲಿ ಅಳ್ಲಿ" ಎಂದಳು.

ಹುಡುಗಿ ಮಂಚದ ತುದಿಯಲ್ಲಿ ಕುಳಿತಳು. ಕೂಸನ್ನು ಮಡಿಲಲ್ಲಿ ಇಟ್ಟರು. ಅದು ಮುಖ ಕೆಂಪು ಮಾಡಿಕೊಂಡು, ವಾರ್ಡೆಲ್ಲ ಕೇಳುವಂತೆ ಅತ್ತಿತು. ಯಾರೂ ಅದನ್ನು ಅವಳ ಕೈಯಿಂದ ತೆಗೆದುಕೊಳ್ಳಲಿಲ್ಲ.